ವಿಲನ್ ಆಗಲೊಪ್ಪದ ಮೇಡಂ

ಅವರ ಕನ್ನಡಕಕ್ಕೆ ಬಲಗಡೆಯ ಕಡ್ಡಿ ಇರಲಿಲ್ಲ. ಮುರಿದುಹೋದ ಕಡ್ಡಿಯ ಜಾಗಕ್ಕೆ ಹೂ ಕಟ್ಟುವ ಬಿಳಿ ದಾರ ಬಿಗಿದು, ಅದನ್ನು ಕಿವಿಯ ಹಿಂದಿನಿಂದ ತಂದು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಹಣೆಯ ಮೇಲೆ ವಿಭೂತಿಯ ತೆಳುಗೆರೆ, ಅದರ ಕೆಳಗೆ ಸಾಸಿವೆಕಾಳಿನಷ್ಟು ಕುಂಕುಮ. ಪಾಠ ಮಾಡುತ್ತ ಮಾಡುತ್ತ ಇದ್ದಕ್ಕಿದ್ದಂತೆ ಆ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿದರೆಂದರೆ ಇಡೀ ತರಗತಿ ನೆಟ್ಟಗೆ ಕೂರುತ್ತಿತ್ತು. ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಯೊಂದು ಬರಲಿದೆ ಎಂದು ಮಕ್ಕಳಿಗೆ ಗೊತ್ತಾಗುತ್ತಿತ್ತು.

ರಾಜಾಜಿನಗರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನಾನು ಅಲ್ಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಸೇರಿದಾಗ ನನಗೆ ಇಪ್ಪತ್ನಾಲ್ಕು, ಅವರಿಗೆ ನಲವತ್ತರ ಹತ್ತಿರ. ಸೇರಿದ ಮೊದಲ ವಾರವೇ ಒಂಬತ್ತನೆಯ ತರಗತಿಯ ಗಲಾಟೆ ತಡೆಯಲಾರದೆ ಪ್ರಯೋಗಾಲಯಕ್ಕೆ ಬಂದು ಅಳುತ್ತ ಕೂತಿದ್ದೆ. ಅವರು ಒಳಗೆ ಬಂದು ಬಾಗಿಲು ಹಾಕಿ, "ಅಳೋದಾದ್ರೆ ಬಾಗಿಲು ಹಾಕ್ಕೊಂಡು ಅಳವ್ವಾ. ಮಕ್ಕಳಿಗೆ ಗೊತ್ತಾದ್ರೆ ನಾಳೆ ಟಿಕೆಟ್ ಇಟ್ಟು ತೋರಿಸ್ತಾರೆ" ಅಂದರು. ಅತ್ತವಳು ನಕ್ಕುಬಿಟ್ಟೆ. ಅವತ್ತಿನಿಂದ ಮಧ್ಯಾಹ್ನದ ಊಟ ಅದೇ ಪ್ರಯೋಗಾಲಯದ ಕಲ್ಲು ಮೇಜಿನ ಮೇಲೆ, ಇಬ್ಬರೂ ಒಟ್ಟಿಗೆ. ಅವರದು ದಾವಣಗೆರೆ ಕಡೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ನನ್ನದು ದಿನವೂ ಅದೇ ಮೊಸರನ್ನ. ಅರ್ಧ ರೊಟ್ಟಿಯನ್ನು ಮುರಿದು ನನ್ನ ಡಬ್ಬಿಯ ಮುಚ್ಚಳದ ಮೇಲಿಟ್ಟ ಮೇಲೆಯೇ ಅವರು ಮೊದಲ ತುತ್ತು ತಿನ್ನುತ್ತಿದ್ದುದು.

ಭಾನುವಾರಗಳಲ್ಲಿ ಮೇಡಂ ಒಂದು ಹವ್ಯಾಸಿ ತಂಡದಲ್ಲಿ ನಾಟಕವಾಡುತ್ತಿದ್ದರು. ಅಲ್ಲಿ ಅವರನ್ನು ನೋಡಿದ ಒಬ್ಬ ಯುವ ನಿರ್ದೇಶಕ ತನ್ನ ಧಾರಾವಾಹಿಗೆ ಕರೆದ. ಆಗ ಈಗಿನ ಹಾಗೆ ನೂರೆಂಟು ಚಾನೆಲ್‌ಗಳಿರಲಿಲ್ಲ. ವಾರಕ್ಕೊಂದು ಸಂಜೆ ಬರುತ್ತಿದ್ದ ಆ ಪತ್ತೇದಾರಿ ಧಾರಾವಾಹಿಯನ್ನು ನಮ್ಮ ಕಡೆ ನೋಡದವರೇ ಇರಲಿಲ್ಲ. ಒಬ್ಬ ಇನ್ಸ್‌ಪೆಕ್ಟರ್, ಅವನಿಗೊಂದು ಕೊಲೆ ಕೇಸು, ಮೂರು ನಾಲ್ಕು ಕಂತಿನಲ್ಲಿ ಅಪರಾಧಿ ಸಿಕ್ಕಿಬಿಡುತ್ತಿದ್ದ. ಮೇಡಂಗೆ ಸಿಕ್ಕಿದ್ದು ನಾಲ್ಕು ಕಂತಿನ ಒಂದು ಕಥೆಯಲ್ಲಿ ಕಾರ್ಪೊರೇಟರ್ ಪಾತ್ರ.

ಆ ಕಥೆ ಹೀಗಿತ್ತು. ಕಟ್ಟುತ್ತಿದ್ದ ಸಮುದಾಯ ಭವನದ ಗೋಡೆ ಕುಸಿದು ಇಬ್ಬರು ಕೂಲಿಯವರು ಸಾಯುತ್ತಾರೆ. ಕಳಪೆ ಕೆಲಸ ನಡೆದಿದೆಯೆಂದು ವರದಿ ಬರೆಯಲು ಹೊರಟ ಎಂಜಿನಿಯರ್ ಕೊಲೆಯಾಗುತ್ತಾನೆ. ಕೊಲೆಯ ಹಿಂದಿರುವವನು ಕಾಂಟ್ರಾಕ್ಟರ್ ಎಂದು ಸಾಕ್ಷಿ ಹೇಳಬಲ್ಲವರು ಕಾರ್ಪೊರೇಟರ್ ಒಬ್ಬರೇ. ಆದರೆ ಕಾಂಟ್ರಾಕ್ಟರ್ ಅವರದೇ ಪಕ್ಷದವನು. ಅವನು ಕೈಬಿಟ್ಟರೆ ಅವರ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ಅವರು ಇಷ್ಟು ವರ್ಷ ತಡೆದು ನಿಲ್ಲಿಸಿರುವ ಕೊಳೆಗೇರಿಯ ತೆರವು ನಡೆದೇ ಹೋಗುತ್ತದೆ. ಅವರು ಬಾಯಿ ಬಿಡುವುದಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಹೇರೋಹಳ್ಳಿಯ ಒಂದು ಹಳೆಯ ಮನೆಯಲ್ಲಿ ಚಿತ್ರೀಕರಣ ನಡೆಯಿತು. ಆಗ ಹೇರೋಹಳ್ಳಿ ಇನ್ನೂ ಹಳ್ಳಿಯೇ. ಮೇಡಂ ಜೊತೆಗೆ ಸೀರೆಯ ಚೀಲ ಹಿಡಿದುಕೊಂಡು ನಾನೂ ಹೋಗಿದ್ದೆ. ಇನ್ಸ್‌ಪೆಕ್ಟರ್ ಮನೆಗೇ ಬಂದು ಕಾರ್ಪೊರೇಟರನ್ನು ವಿಚಾರಿಸುವ ದೃಶ್ಯ. ನಿರ್ದೇಶಕ ಎರಡು ಸಲ ತೆಗೆದು, ಸಮಾಧಾನವಾಗದೆ ಹತ್ತಿರ ಬಂದ.

"ಮೇಡಂ, ನೀವು ವಿಲನ್. ಅದು ಸ್ವಲ್ಪ ಕಣ್ಣಲ್ಲಿ ಕಾಣಬೇಕು."

"ವಿಲನ್ ಆದೋರು ಹೆಂಗೆ ನೋಡ್ತಾರಪ್ಪಾ? ನಮ್ಮ ಬೀದೀಲಿ ಅಂಥೋರು ಇಬ್ಬರಿದಾರೆ. ಇಬ್ಬರೂ ನಿನ್ನ ಥರಾನೇ ನೋಡ್ತಾರೆ."

ಲೈಟು ಹಿಡಿದವರೆಲ್ಲ ನಕ್ಕರು. ನಿರ್ದೇಶಕನ ಮುಖ ಸಣ್ಣಗಾಯಿತು. ಇನ್ಸ್‌ಪೆಕ್ಟರ್ ಹೊರಟುಹೋದ ಮೇಲೆ ಕಾರ್ಪೊರೇಟರ್ ಒಬ್ಬಳೇ ನಗಬೇಕು ಎಂದು ಸ್ಕ್ರಿಪ್ಟಿನಲ್ಲಿತ್ತು. ಮೇಡಂ ನಗುವುದಿಲ್ಲವೆಂದು ಕೂತರು.

"ಯಾಕೆ ಮೇಡಂ?"

"ಇವಳಿಗೆ ಅವತ್ತು ನಗು ಬರಲ್ಲ. ಊಟಾನೂ ಸೇರಲ್ಲ. ತಾನು ಮಾಡ್ತಿರೋದು ತಪ್ಪು ಅಂತ ಅವಳಿಗೆ ಗೊತ್ತು. ಗೊತ್ತಿದ್ದೂ ಮಾಡ್ತಿದಾಳೆ. ನಗೋಳೇ ಬೇಕು ಅಂದ್ರೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬಾ."

ಕೊನೆಗೆ ಅವರು ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ ಆ ದೃಶ್ಯ ಮಾಡಿದರು. ತಲೆಯೆತ್ತದೆ, ತರಕಾರಿಯವನ ಹತ್ತಿರ ಚೌಕಾಸಿ ಮಾಡುವ ದನಿಯಲ್ಲೇ ಮಾತಾಡಿದರು: "ನಾನು ಬಾಯಿ ಬಿಟ್ರೆ ಒಬ್ಬ ಜೈಲಿಗೆ ಹೋಗ್ತಾನೆ. ಸುಮ್ನಿದ್ರೆ ಇನ್ನೂರು ಮನೆ ಉಳಿಯುತ್ತೆ. ನೀವೇ ಹೇಳಿ ಸಾಹೇಬ್ರೇ, ನಾನೇನ್ ಮಾಡ್ಲಿ?" ಇನ್ಸ್‌ಪೆಕ್ಟರ್ ಪಾತ್ರದವನಿಗೆ ಅಲ್ಲೊಂದು ಬಿರುಸಾದ ಉತ್ತರವಿತ್ತು. ಅವನು ಅದನ್ನು ಮರೆತು ಅವರನ್ನೇ ನೋಡುತ್ತ ನಿಂತುಬಿಟ್ಟ. ಆ ಮೌನವನ್ನೇ ನಿರ್ದೇಶಕ ಉಳಿಸಿಕೊಂಡ. ಬಸ್ಸಿನಲ್ಲಿ ವಾಪಸು ಬರುವಾಗ ನಾನು, "ಮೇಡಂ, ಅವಳು ಮಾಡಿದ್ದು ಸರಿ ಅಂತೀರಾ?" ಎಂದು ಕೇಳಿದೆ. "ಸರಿ ಅಂತ ಯಾರಂದ್ರು? ಅವಳ ಜಾಗದಲ್ಲಿ ಕೂತು ನೋಡಿದೆ ಅಷ್ಟೇ. ಕೂತ್ರೆ ಬೆನ್ನು ನೋಯುತ್ತೆ" ಅಂದರು.

ಮೂರು ಕಂತು ಬಂದವು. ರಾಜಾಜಿನಗರದ ಅಂಗಡಿಗಳಲ್ಲಿ, ಬಸ್‌ಸ್ಟಾಪಿನಲ್ಲಿ ಜನ ಮೇಡಂ ಮುಖ ನೋಡಿ ಗುರುತು ಹಿಡಿಯತೊಡಗಿದರು. ಒಬ್ಬಾಕೆ ಹೂವಿನವಳು ಅವರಿಗೆ ಹೂ ಕೊಡುವುದಿಲ್ಲವೆಂದಳು, ಪಕ್ಕದಲ್ಲಿದ್ದವಳು, "ಪಾಪ, ಆಯಮ್ಮ ಇನ್ನೇನ್ ಮಾಡ್ಬೇಕಿತ್ತು?" ಎಂದು ಅವಳೊಡನೆಯೇ ಜಗಳಕ್ಕೆ ನಿಂತಳು. ಹತ್ತನೆಯ ತರಗತಿಯಲ್ಲಿ ಮೇಡಂ ಮಕ್ಕಳಿಂದಲೇ ಕೈ ಎತ್ತಿಸಿದರು: ಕಾರ್ಪೊರೇಟರ್ ನಿಜ ಹೇಳಬೇಕೆನ್ನುವವರು ಎಷ್ಟು, ಬೇಡವೆನ್ನುವವರು ಎಷ್ಟು. ಪಕ್ಕದ ಕೋಣೆಯಲ್ಲಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ಕೊಳೆಗೇರಿಯಿಂದಲೇ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: "ಮಿಸ್, ನಮ್ಮನೆ ಉಳಿಯುತ್ತೆ ಅಂದ್ರೆ ನಾನಂತೂ ಸುಮ್ನಿರ್ತೀನಿ. ಆದ್ರೆ ಆ ಎಂಜಿನಿಯರ್ ಹೆಂಡ್ತಿ ಎದುರಿಗೆ ಸಿಕ್ಕಿದ್ರೆ ಏನ್ ಮಾಡೋದು ಮಿಸ್?"

ಮೇಡಂ ದನಿ ಕೇಳಿಸಿತು: "ನನಗೂ ಗೊತ್ತಿಲ್ಲ ಕಣೇ. ಪರೀಕ್ಷೇಲಿ ಬಂದ್ರೆ ಈ ಪ್ರಶ್ನೆ ಬಿಟ್ಟುಬಿಡು."

ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ಬಡಾವಣೆಯ ಒಬ್ಬ ಮುಖಂಡರಿದ್ದರು. ಹಿಂದಿನ ವರ್ಷ ಅವರ ಭಾವಮೈದನ ಕಾಂಟ್ರಾಕ್ಟ್ ಹಿಡಿದಿದ್ದ ಒಂದು ಕಾಂಪೌಂಡು ಬಿದ್ದು ಇಬ್ಬರಿಗೆ ಪೆಟ್ಟಾಗಿ, ಸುದ್ದಿ ಅಲ್ಲಿಗೇ ಮುಚ್ಚಿಹೋಗಿತ್ತು. ಧಾರಾವಾಹಿ ಬಂದದ್ದೇ ಜನ ಅದನ್ನು ಇದಕ್ಕೆ ಗಂಟು ಹಾಕಿದರು. ಕಥೆ ಮೇಡಂ ಬರೆದದ್ದಲ್ಲ, ಬರೆದವನು ಯಾರೋ. ಆದರೆ ಟಿವಿಯಲ್ಲಿ ಕಂಡದ್ದು ಅವರ ಮುಖ. ಮುಖಂಡರು ಕೆಟ್ಟವರೆಂದು ನಾನು ಇವತ್ತಿಗೂ ಸಲೀಸಾಗಿ ಹೇಳಲಾರೆ. ನಮ್ಮ ಶಾಲೆಗೆ ನೀರು ತರಿಸಿದ್ದು ಅವರು, ಎರಡು ಕೊಠಡಿ ಕಟ್ಟಿಸಿದ್ದು ಅವರು. ನನ್ನ ಅರ್ಜಿಯನ್ನು ಮೇಲಕ್ಕೆತ್ತಿ ಕೆಲಸ ಕೊಡಿಸಿದ್ದೂ ಅವರೇ.

ಮೂರನೆಯ ಕಂತು ಬಂದ ಮೂರು ದಿನಕ್ಕೆ ಹೆಡ್‌ಮಾಸ್ಟರು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಕಾಗದವಿತ್ತು. ಸಹೋದ್ಯೋಗಿಯೊಬ್ಬರು ಅನುಮತಿಯಿಲ್ಲದೆ ಟಿವಿಯಲ್ಲಿ ನಟಿಸುತ್ತಿರುವುದರಿಂದ, ಅದೂ ಅಂಥ ಪಾತ್ರ ಮಾಡುತ್ತಿರುವುದರಿಂದ, ಮಕ್ಕಳ ಮೇಲೆ ದುಷ್ಪರಿಣಾಮವಾಗುತ್ತಿದೆ, ಶಾಲೆಯ ಘನತೆಗೆ ಕುಂದು ಬಂದಿದೆ ಎಂದು ಶಿಕ್ಷಕರೇ ಮಂಡಳಿಗೆ ಬರೆದಂತಿತ್ತು. ಕೆಳಗೆ ಹತ್ತು ಸಹಿ ಆಗಲೇ ಬಿದ್ದಿದ್ದವು.

"ಕೆಲಸದಿಂದೇನೂ ತೆಗೀತಿಲ್ಲಮ್ಮ," ಎಂದರು ಹೆಡ್‌ಮಾಸ್ಟರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ದಣಿವಿತ್ತು. "ಕೆಂಗೇರೀಲಿ ನಮ್ಮದೇ ಇನ್ನೊಂದು ಸ್ಕೂಲಿದೆಯಲ್ಲ, ಅಲ್ಲಿಗೆ ಹಾಕ್ತಾರೆ ಅಷ್ಟೇ. ಅವರೊಬ್ಬರು ಹೋದ್ರೆ ನಾನೂರು ಮಕ್ಕಳ ಸ್ಕೂಲು ನೆಮ್ಮದಿಯಾಗಿರುತ್ತೆ. ನಿಮ್ಮದೂ ಪರ್ಮನೆಂಟ್ ಆಗೋ ಫೈಲ್ ಈ ತಿಂಗಳು ಹೋಗ್ಬೇಕು, ನೋಡಿ."

ಹೇರೋಹಳ್ಳಿಯಲ್ಲಿ ಮೇಡಂ ಬಾಯಿಂದ ಕೇಳಿದ ಮಾತೇ ಇದು, ಅಂಕಿ ಮಾತ್ರ ಬೇರೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು, ಇಬ್ಬರು ತಂಗಿಯರು ಓದುತ್ತಿದ್ದರು. ಇವೆಲ್ಲ ನಿಜ. ಆದರೆ ಪೆನ್ನು ಕೈಗೆತ್ತಿಕೊಂಡಾಗ ನಾನು ಮನೆಯವರನ್ನು ನೆನೆಸಿಕೊಂಡೆನೆಂದರೆ ಸುಳ್ಳಾಗುತ್ತದೆ. ಬೇಗ ಮುಗಿಸಿ ಆ ಕೋಣೆಯಿಂದ ಹೊರಗೆ ಹೋಗಬೇಕು ಅನ್ನಿಸಿತ್ತು, ಅಷ್ಟೇ. ಸಹಿ ಹಾಕಿದೆ. ಹನ್ನೊಂದನೆಯದು ನನ್ನದು.

ಒಂದೂವರೆಗೆ ಊಟದ ಗಂಟೆ ಹೊಡೆಯಿತು. ಮೇಡಂ ಎಂದಿನಂತೆ ಪ್ರಯೋಗಾಲಯಕ್ಕೆ ಬಂದರು.

ಆ ವಾರದ ಕೊನೆಗೆ ಅವರಿಗೆ ವರ್ಗಾವಣೆಯ ಆದೇಶ ಸಿಕ್ಕಿತು. ಇನ್ನು ಮುಂದೆ ನಟಿಸುವುದಿಲ್ಲವೆಂದು ಮಂಡಳಿಯವರು ಮುಚ್ಚಳಿಕೆ ಬರೆಸಿಕೊಂಡರು. ಹನ್ನೊಂದು ಜನ ಶಿಕ್ಷಕರು ದೂರು ಕೊಟ್ಟಿದ್ದಾರೆ ಎಂದರೇ ಹೊರತು ಕಾಗದವನ್ನು ತೋರಿಸಲಿಲ್ಲ. ಸ್ಟಾಫ್ ರೂಮಿನಲ್ಲಿ ತಮ್ಮ ಪುಸ್ತಕಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ಯಾರೂ ತಲೆಯೆತ್ತಿ ನೋಡಲಿಲ್ಲ. ನಾನು ಚೀಲ ಹೊತ್ತುಕೊಂಡು ಬಸ್‌ಸ್ಟಾಪಿನ ತನಕ ಹೋದೆ. "ನೀನೊಬ್ಬಳಾದ್ರೂ ಬಂದ್ಯಲ್ಲವ್ವಾ" ಅಂದರು. ಬಸ್ಸು ಬಂತು. ಹತ್ತಿಸಿದೆ.

ನಾಲ್ಕನೆಯ ಕಂತಿನ ಚಿತ್ರೀಕರಣ ಇನ್ನೂ ಆಗಿರಲಿಲ್ಲ. ಬೇರೆ ನಟಿಗೆ ಅದೇ ಬಣ್ಣದ ಸೀರೆ ಉಡಿಸಿ ಮುಗಿಸಿದರು. ಆಕೆ ಬಂದಳು, ಗಹಗಹಿಸಿ ನಕ್ಕಳು, ಸಿಕ್ಕಿಬಿದ್ದ ಮೇಲೆ ಇನ್ಸ್‌ಪೆಕ್ಟರ್ ಕಾಲು ಹಿಡಿದು ಅತ್ತಳು. ಕೊಳೆಗೇರಿಯ ಸುದ್ದಿಯೇ ಬರಲಿಲ್ಲ. ಮಾರನೆಯ ದಿನ ಹತ್ತನೆಯ ತರಗತಿಯ ಮಕ್ಕಳು, "ಮಿಸ್, ಆ ಇನ್ನೂರು ಮನೆ ಏನಾಯ್ತು?" ಎಂದು ನನ್ನನ್ನು ಕೇಳಿದರು. ನಾನು ವಿಜ್ಞಾನದ ಮಿಸ್, ನನಗೆ ಗೊತ್ತಿಲ್ಲ ಎಂದೆ.

ನನ್ನ ಕೆಲಸ ಕಾಯಂ ಆಯಿತು. ಮೇಡಂ ನಿವೃತ್ತಿಯವರೆಗೂ ಕೆಂಗೇರಿಯಲ್ಲೇ ಇದ್ದರು. ದಿನವೂ ಎರಡು ಬಸ್ಸು ಬದಲಾಯಿಸಿ ಓಡಾಡಿದರು. ನಾಟಕದ ತಂಡಕ್ಕೂ ಮತ್ತೆ ಹೋಗಲಿಲ್ಲ. "ಮುಚ್ಚಳಿಕೇಲಿ ಟಿವಿ ಅಂತ ಮಾತ್ರ ಇದೆ ಮೇಡಂ, ನಾಟಕ ಆಡಬಹುದಲ್ಲ" ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದೆ. "ಸಹಿ ಹಾಕೋವಾಗ ಅಕ್ಷರ ನೋಡಿ ಹಾಕ್ಲಿಲ್ಲ ಕಣವ್ವಾ, ಸೋತು ಹಾಕ್ದೆ" ಅಂದಿದ್ದರು. ಹಬ್ಬಕ್ಕೆ ಫೋನು, ಮದುವೆ ಮುಂಜಿಗಳಲ್ಲಿ ಭೇಟಿ, ಹೀಗೆ ನಮ್ಮ ಸಂಬಂಧ ಉಳಿಯಿತು. ನನ್ನ ಮದುವೆಯಲ್ಲಿ ಅಮ್ಮನ ಪಕ್ಕದಲ್ಲಿ ನಿಂತು ಅಕ್ಷತೆ ಹಾಕಿದರು. ಅಷ್ಟು ವರ್ಷಗಳಲ್ಲಿ ಒಂದು ಸಲವಾದರೂ ನಾನು ಅವರ ಕೆಂಗೇರಿಯ ಶಾಲೆಗೆ ಹೋಗಲಿಲ್ಲ. ಕೆಲಸವಿತ್ತು, ದೂರವಿತ್ತು ಎಂದು ಹೇಳಿಕೊಂಡು ತಿರುಗಿದೆ.

ಮೊನ್ನೆ ಮೊನ್ನೆಯ ಚುನಾವಣೆಯ ಸಮಯ. ನಾನೂ ನಿವೃತ್ತಳಾಗಿ ವಿಜಯನಗರದ ಮನೆಯಲ್ಲಿದ್ದೆ. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ತುಣುಕು ಹಾಕಿದರು. ಮೊರ, ಅವರೆಕಾಯಿ, ಬಗ್ಗಿದ ತಲೆ. "ಸುಮ್ನಿದ್ರೆ ಇನ್ನೂರು ಮನೆ ಉಳಿಯುತ್ತೆ" ಎನ್ನುವುದಷ್ಟನ್ನೇ ಕತ್ತರಿಸಿ, ಮೂರು ಸಲ ತಿರುಗಿಸಿ, ಹಿಂದೆ ಡೋಲು ಬಾರಿಸಿದ್ದರು. ಒಂದು ಪಕ್ಷದವರು ಇನ್ನೊಂದು ಪಕ್ಷದವರನ್ನು ಗೇಲಿ ಮಾಡಲು ಹಂಚಿದ್ದು. ಅದರ ಕೆಳಗೆ ಬಿದ್ದು ಬಿದ್ದು ನಗುವ ಹಳದಿ ಮುಖಗಳ ಸಾಲು.

ಮೇಡಂ ಮಗಳ ಜೊತೆ ಹೇರೋಹಳ್ಳಿಯಲ್ಲೇ ಇದ್ದರು. ಈಗ ಅಲ್ಲಿ ಎಲ್ಲೆಲ್ಲೂ ಮೂರಂತಸ್ತಿನ ಮನೆಗಳು. ರಸ್ತೆ ಮಾತ್ರ ಗುಂಡಿ. ಅವರಿಗೆ ನೋವಾಗಿರಬಹುದೆಂದು ಓಡಿದೆ. ಮೇಡಂ ಸೋಫಾದ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದರು. "ಬಾರವ್ವಾ, ಮುದುಕಿ ಆದ್ಮೇಲೆ ಫೇಮಸ್ ಆದೆ." ಯಾರೋ ಪುಣ್ಯಾತ್ಮ ಆ ಧಾರಾವಾಹಿಯನ್ನು ಪೂರ್ತಿ ಇಂಟರ್ನೆಟ್ಟಿಗೆ ಹಾಕಿದ್ದ. ಮಗಳು ದೊಡ್ಡ ಟಿವಿಯಲ್ಲಿ ಹಚ್ಚಿಕೊಟ್ಟಳು. ಒಂದಾದ ಮೇಲೊಂದು ಮೂರು ಕಂತು ನೋಡಿದೆವು. ನಾಲ್ಕನೆಯದು ತಾನಾಗಿಯೇ ಶುರುವಾಗಲು ಹೊರಟಾಗ ಮೇಡಂ ರಿಮೋಟ್ ಎತ್ತಿ ಆರಿಸಿದರು.

"ಅದನ್ನ ಇವತ್ತಿನವರೆಗೂ ನೋಡಿಲ್ಲ ನಾನು," ಎಂದರು. ಆಮೇಲೆ, ಬೇರೇನೋ ನೆನಪಾದವರ ಹಾಗೆ, "ಹನ್ನೊಂದು ಸಹಿ ಅಂದಿದ್ರು. ಯಾರ್ಯಾರು ಅಂತ ಬಸ್ಸಲ್ಲಿ ಕೂತು ಎಷ್ಟು ದಿನ ಎಣಿಸಿದೀನೋ. ಎಣಿಸಿದಾಗೆಲ್ಲ ಹತ್ತೇ ಆಗೋದು. ಹನ್ನೊಂದನೇದು ಲೆಕ್ಕಕ್ಕೆ ಅಂತ ಆಫೀಸಿನ ಗುಮಾಸ್ತನ ಕೈಲಿ ಹಾಕ್ಸಿರ್ಬೇಕು, ಅಲ್ವಾ?"

ಆಗಲಾದರೂ ನಾನು ಸುಮ್ಮನಿರಬಹುದಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ನಂದು ಮೇಡಂ," ಎಂದೆ.

ಅವರು ನನ್ನನ್ನೇ ನೋಡಿದರು. ಮಗಳು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಸದ್ದು ಬರುತ್ತಿತ್ತು.

"ಊಟಕ್ಕೆ ಮುಂಚೆನೋ ಆಮೇಲೋ?"

"ಮುಂಚೆ."

"ಅವತ್ತು ಏನ್ ತಂದಿದ್ದೆ ನಾನು?"

"ರೊಟ್ಟಿ. ಹೆಸರುಕಾಳು ಪಲ್ಯ."

"ತಿಂದ್ಯಾ?"

"ತಿಂದೆ ಮೇಡಂ."

ನಾನು ಅಪ್ಪನ ಕಾಯಿಲೆ, ತಂಗಿಯರು, ಫೈಲು ಎಂದು ಏನೇನೋ ಹೇಳತೊಡಗಿದೆ. ಅವರು ಕೈ ಎತ್ತಿ ತಡೆದರು. "ಕಾರಣ ಹೇಳ್ಬೇಡ. ಕಾರಣ ಎಲ್ಲರಿಗೂ ಇರುತ್ತೆ. ಈಗ ಮೂರು ಕಂತು ನೋಡಿದ್ವಲ್ಲ, ಅದನ್ನೇ ಅಲ್ವಾ ನಾನು ಆಡಿದ್ದು? ಟಿವಿಯಲ್ಲಿರೋಳ ಪರವಾಗಿ ಅಷ್ಟು ವಾದ ಮಾಡ್ದೆ. ಎದುರಿಗೆ ಕೂತೋಳ ಪರವಾಗಿ ನನ್ನ ಕೈಲಿ ಆಗ್ತಿಲ್ಲ ಕಣವ್ವಾ."

ಕಾಫಿ ಬಂತು. ಮಗಳ ಎದುರು ಮೊಮ್ಮಗಳ ಪರೀಕ್ಷೆಯ ಮಾತಾಡಿದೆವು. ಹೊರಡುವಾಗ ಬಾಗಿಲವರೆಗೆ ಬಂದು, ಮಗಳಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದರು: "ಇಷ್ಟು ವರ್ಷ ನೀನು ಹೊತ್ಕೊಂಡಿದ್ದೆ. ಇವತ್ತು ನನ್ನ ಮೇಲೆ ಇಳಿಸಿ ಹೋಗ್ತಿದೀಯ."

ಅದು ನಿಜವಾಗಿತ್ತು. ಗುಂಡಿ ರಸ್ತೆಯಲ್ಲಿ ಆಟೋ ಎತ್ತಿ ಎತ್ತಿ ಹಾಕುತ್ತಿದ್ದಾಗ ನನ್ನ ಎದೆ ಹಗುರವಾದದ್ದು ನನಗೇ ತಿಳಿದು ನಾಚಿಕೆಯಾಯಿತು. ಹೇಳದೆ ಉಳಿದಿದ್ದರೆ ಅವರ ಪಾಲಿಗೆ ಆ ಶಾಲೆಯಲ್ಲಿ ತಮ್ಮವಳೊಬ್ಬಳಾದರೂ ಉಳಿದಿರುತ್ತಿದ್ದಳು.

ಆಮೇಲೆ ನಾನು ಎರಡು ಸಲ ಫೋನು ಮಾಡಿದೆ. ಎರಡೂ ಸಲ ಎತ್ತಿದರು, ಸಮಾಧಾನವಾಗಿಯೇ ಮಾತಾಡಿದರು. "ಚೆನ್ನಾಗಿದೀರಾ? ಮನೇಲಿ ಎಲ್ಲ ಆರಾಮಾ? ನೀವು ಔಷಧಿ ಸರಿಯಾಗಿ ತಗೊಳ್ಳಿ." ಮೂವತ್ತೈದಕ್ಕೂ ಹೆಚ್ಚು ವರ್ಷ ನನ್ನನ್ನು ಏಕವಚನದಲ್ಲಿ ಕರೆದವರು ನೀವು ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರನೆಯ ಸಲ ಫೋನು ಮಾಡುವ ಧೈರ್ಯವಾಗಲಿಲ್ಲ.

ಐದು ತಿಂಗಳ ಮೇಲೆ ಮಗಳೇ ಫೋನು ಮಾಡಿದಳು. ಬೆಳಿಗ್ಗೆ ಪೂಜೆಗೆ ಕೂತವರು ಹಾಗೆಯೇ ಒರಗಿದ್ದರಂತೆ.

ಹನ್ನೊಂದನೆಯ ದಿನ ಹೇರೋಹಳ್ಳಿಯ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಮ್ಮ ಶಾಲೆಯಿಂದ ನಾವು ನಾಲ್ಕು ಜನ ಹೋಗಿದ್ದೆವು. ಉಳಿದ ಕುರ್ಚಿಗಳಲ್ಲೆಲ್ಲ ಕೆಂಗೇರಿಯ ಹಳೆಯ ವಿದ್ಯಾರ್ಥಿಗಳು: ಬಸ್ ಕಂಡಕ್ಟರ್, ನರ್ಸು, ಗ್ಯಾರೇಜ್ ಇಟ್ಟವನು, ಕೋರ್ಟಿನಲ್ಲಿ ವಕಾಲತ್ತು ಮಾಡುವ ಒಬ್ಬಳು. ಒಬ್ಬೊಬ್ಬರೇ ಎದ್ದು ಮಾತಾಡಿದರು. ಮೇಡಂ ಪ್ರತಿವರ್ಷ ಅಲ್ಲಿಯ ಹತ್ತನೆಯ ತರಗತಿಗೆ ಒಬ್ಬ ಕಾರ್ಪೊರೇಟರಮ್ಮನ, ಒಂದು ಗೋಡೆಯ, ಇನ್ನೂರು ಮನೆಯ ಕಥೆ ಹೇಳಿ ಕೈ ಎತ್ತಿಸುತ್ತಿದ್ದರಂತೆ. ಅದು ಟಿವಿಯಲ್ಲಿ ಬಂದದ್ದೆಂದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. "ಕೊನೆಗೆ ಏನಾಯ್ತು ಮಿಸ್ ಅಂತ ಕೇಳಿದ್ರೆ, ಇನ್ನೂ ಮುಗಿದಿಲ್ಲ ಅನ್ನೋರು," ಎಂದಳು ಆ ವಕೀಲೆ. ನಾನು ಒಂದು ಸಲವೂ ಹೋಗಿ ನೋಡದ ಅವರ ವರ್ಷಗಳು ಅಲ್ಲಿ ಸಾಲಾಗಿ ಕೂತಿದ್ದವು.

ಮಗಳು ನನ್ನ ಹತ್ತಿರ ಬಂದಳು. "ಆಂಟಿ, ಅಮ್ಮನ್ನ ಎಲ್ಲರಿಗಿಂತ ಜಾಸ್ತಿ ಬಲ್ಲೋರು ನೀವು. ಎರಡು ಮಾತು ಹೇಳಿ."

ಎದ್ದು ಹೋಗಿ ಮೈಕು ಹಿಡಿದೆ. ಅವರ ರೊಟ್ಟಿಯ ಬಗ್ಗೆ, ಪಾಠದ ಬಗ್ಗೆ ಹೇಳಬೇಕೆಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದೆ. ಮೊದಲ ಸಾಲಿನಲ್ಲಿದ್ದ ಕೆಂಗೇರಿಯ ಮುಖಗಳನ್ನು ನೋಡಿದೆ.

"ಮೇಡಂ ನಿಮ್ಮ ಶಾಲೆಗೆ ತಾವಾಗಿ ಬಂದೋರಲ್ಲ," ಎಂದೆ. "ಹನ್ನೊಂದು ಜನ ಸಹಿ ಹಾಕಿ ಅವರನ್ನ ಕಳಿಸಿದ್ವಿ. ಅದರಲ್ಲಿ ಒಂದು ಸಹಿ ನನ್ನದು. ಅವರು ಯಾವ ತಪ್ಪೂ ಮಾಡಿರಲಿಲ್ಲ."

ಮೈಕು ಕೆಳಗಿಟ್ಟೆ. ಮಗಳು ನನ್ನ ಮುಖವನ್ನು ಒಮ್ಮೆ ನೋಡಿ ತಲೆ ತಗ್ಗಿಸಿಕೊಂಡಳು. ವಾಪಸು ನನ್ನ ಕುರ್ಚಿಗೆ ಬಂದಾಗ ಪಕ್ಕದಲ್ಲಿದ್ದ ಆ ನರ್ಸು ತನ್ನ ಕುರ್ಚಿಯನ್ನು ಸ್ವಲ್ಪ ಆಚೆಗೆ ಎಳೆದುಕೊಂಡಳು. ನನಗೆ ಜಾಗ ಬಿಡುವುದಕ್ಕೋ, ನನ್ನಿಂದ ದೂರ ಸರಿಯುವುದಕ್ಕೋ ತಿಳಿಯಲಿಲ್ಲ. ಕೇಳಲೂ ಇಲ್ಲ. ಅವಳು ಬಿಟ್ಟಷ್ಟು ಜಾಗದಲ್ಲಿ ಕೂತೆ.